ಸಿಟ್ಟು ಯಾರ ಮೇಲೆ? ಮನೆಯ ಬೇಗುದಿ, ಹುಟ್ಟುಗುಣ ಮತ್ತು ಕೆಲಸದ ಜಾಗದ ಒರಟುತನ



ದುಡಿಯುವ ಜನರ ಬದುಕಿಗೆ ಹತ್ತಿರವಾದ ಒಂದು ವಿಷಯವನ್ನು ಎತ್ತಿಕೊಂಡು ಮಾತನಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಈ ಸಲ ನಾನು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ಚಿಕ್ಕದು: ಕೆಲಸದ ಜಾಗದ ಒರಟು ಮಾತು. ಲಂಚಕ್ಕೆ ಕಾನೂನಿದೆ, ಲೈಂಗಿಕ ಕಿರುಕುಳಕ್ಕೆ ಕಾನೂನಿದೆ, ದೂರು ಕೊಡಲು ಸಮಿತಿಗಳಿವೆ. ಆದರೆ ಬೆಳಗ್ಗೆ ನಮಸ್ಕಾರ ಹೇಳಿದವರ ಕಡೆ ತಲೆಯೆತ್ತಿಯೂ ನೋಡದಿರುವುದಕ್ಕೆ, ನಾಲ್ಕು ಜನರ ಎದುರು “ನಿಮಗೆ ಇಷ್ಟೂ ಗೊತ್ತಾಗಲ್ವಾ?” ಎನ್ನುವುದಕ್ಕೆ, ಕಡತವನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುವುದಕ್ಕೆ, ತಂದೆಯ ವಯಸ್ಸಿನ ಅಟೆಂಡರನ್ನು ಏಕವಚನದಲ್ಲಿ ಕರೆಯುವುದಕ್ಕೆ ಕೇಳುವವರಿಲ್ಲ. “ಪಾಪ, ಅವರಿಗೆ ಮನೆಯಲ್ಲಿ ತಾಪತ್ರಯ” ಎಂದೋ, “ಅವರ ಸ್ವಭಾವವೇ ಹಾಗೆ, ಮನಸ್ಸು ಒಳ್ಳೆಯದು” ಎಂದೋ ನಾವೇ ಸಮಾಧಾನ ಹೇಳಿಕೊಂಡು ಸುಮ್ಮನಾಗುತ್ತೇವೆ.

ಈ ಎರಡು ಸಮಾಧಾನಗಳೂ ಸುಳ್ಳಲ್ಲ. ಆದರೆ ಎರಡೂ ಅರ್ಧ ದಾರಿಗೇ ನಿಲ್ಲುತ್ತವೆ. ನಾನು ಇಂದು ನಿಮ್ಮ ಮುಂದಿಡುವ ಮಾತು ಇಷ್ಟು: ಮನೆಯ ಒತ್ತಡ ಸಿಟ್ಟನ್ನು ಹುಟ್ಟಿಸುತ್ತದೆ, ಆ ಸಿಟ್ಟು ಎಷ್ಟು ಬೇಗ ಮೇಲಕ್ಕೆ ಬರುತ್ತದೆಂಬುದು ಸ್ವಭಾವಕ್ಕೆ ಬಿಟ್ಟದ್ದು, ಆದರೆ ಅದು ಯಾರ ಮೇಲೆ ಬೀಳಬೇಕೆಂಬುದನ್ನು ನಿರ್ಧರಿಸುವುದು ಕೆಲಸದ ಜಾಗದ ಮೇಲು-ಕೀಳು. ಮೊದಲ ಎರಡನ್ನು ಪೂರ್ತಿ ಬದಲಿಸುವುದು ಕಷ್ಟ. ಮೂರನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಸಣ್ಣ ಮಾತಿನ ದೊಡ್ಡ ಲೆಕ್ಕ

1999ರಲ್ಲಿ ಅಮೆರಿಕದ ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ ಎಂಬ ಇಬ್ಬರು ವಿದ್ವಾಂಸರು ಕಚೇರಿಯ ಒರಟುತನಕ್ಕೆ ಒಂದು ವ್ಯಾಖ್ಯೆ ಕೊಟ್ಟರು. ಪರಸ್ಪರ ಗೌರವದ ನಡಾವಳಿಯನ್ನು ಮುರಿಯುವ, ತೀವ್ರತೆ ಕಡಿಮೆಯಿರುವ, ನೋಯಿಸಬೇಕೆಂದೇ ಮಾಡಿದ್ದೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದ ವರ್ತನೆ ಎಂಬುದು ಅದರ ಸಾರ. ಈ ಕೊನೆಯ ಅಂಶದಲ್ಲೇ ಒರಟುತನದ ಶಕ್ತಿ ಇದೆ. ಬೈದವರನ್ನು ಎದುರಿಸಬಹುದು, ಬೈದರೋ ಇಲ್ಲವೋ ಎಂದು ಗೊತ್ತಾಗದಂತೆ ಚುಚ್ಚಿದವರನ್ನು ಏನು ಕೇಳುವುದು? ಕೇಳಿಸಿಕೊಂಡವರು ಮನೆಗೆ ಹೋಗಿ ರಾತ್ರಿಯೆಲ್ಲ ಅದೇ ಮಾತನ್ನು ಮೆಲುಕು ಹಾಕುತ್ತಾರೆ, ಇಲ್ಲವೇ ಮರುದಿನ ಅದೇ ಧಾಟಿಯಲ್ಲಿ ತಿರುಗಿ ಉತ್ತರಿಸುತ್ತಾರೆ. ಮಾತಿಗೆ ಮಾತು ಬೆಳೆದು ಜಗಳದ ಮಟ್ಟಕ್ಕೇರುವುದನ್ನೂ ಅವರು ಅದೇ ಪ್ರಬಂಧದಲ್ಲಿ ವಿವರಿಸಿದ್ದಾರೆ.

2001ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಲಿಲಿಯಾ ಕೊರ್ಟಿನಾ ಮತ್ತು ಸಂಗಡಿಗರು ಅಮೆರಿಕದ ಸರ್ಕಾರಿ ವಲಯದ 1,180 ನೌಕರರನ್ನು ಪ್ರಶ್ನಿಸಿದಾಗ, ಹಿಂದಿನ ಐದು ವರ್ಷಗಳಲ್ಲಿ ಒಂದಲ್ಲ ಒಂದು ಬಗೆಯ ಒರಟುತನಕ್ಕೆ ಗುರಿಯಾಗಿದ್ದೇವೆ ಎಂದವರು ಶೇ. 71ರಷ್ಟು ಮಂದಿ. ಅಂದರೆ ಇದು ಎಲ್ಲೋ ಒಬ್ಬಿಬ್ಬರು ಸಿಡುಕರ ಕಥೆಯಲ್ಲ, ಕೆಲಸದ ಜಾಗದ ಹವಾಮಾನವೇ ಹಾಗಿದೆ.

ಅತ್ತೆ ಮೇಲಿನ ಕೋಪ

ಮನೆಯ ಸಿಟ್ಟು ಬೇರೆಲ್ಲೋ ಬೀಳುತ್ತದೆಂಬುದನ್ನು ನಮ್ಮ ಜನ ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಕೊಂಡಿದ್ದರು: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಹತಾಶೆ ಮತ್ತು ಆಕ್ರಮಣಗಳ ನಂಟಿನ ಬಗ್ಗೆ ಪುಸ್ತಕ ಬರೆದಾಗ, ಸಿಟ್ಟು ತರಿಸಿದವರನ್ನು ಎದುರಿಸಲು ಹೆದರಿಕೆಯಿದ್ದರೆ ಅದು ಬೇರೆ ಗುರಿಯತ್ತ ಹೊರಳುತ್ತದೆ ಎಂದು ವಾದಿಸಿದರು. ನಮ್ಮ ಗಾದೆಯ ಸೊಸೆಗೆ ಅತ್ತೆಯ ಎದುರು ಬಾಯಿಲ್ಲ; ಕೊತ್ತಿಗೆ ಸೊಸೆಯ ಎದುರು ಬಾಯಿಲ್ಲ. ಇಡೀ ಸಿದ್ಧಾಂತ ಆ ಒಂದು ಸಾಲಿನಲ್ಲಿದೆ.

ಮನೆಯ ಒತ್ತಡ ನಿಜವಾಗಿಯೂ ಕೆಲಸಕ್ಕೆ ದಾಟಿ ಬರುತ್ತದೆಯೇ? ನೈಲ್ ಬೋಲ್ಜರ್ ಮತ್ತು ಸಂಗಡಿಗರು 166 ದಂಪತಿಗಳಿಂದ 42 ದಿನ ಸತತವಾಗಿ ದಿನಚರಿ ಬರೆಸಿದರು. 1989ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮನೆಯ ಒತ್ತಡವನ್ನು ಕೆಲಸದ ಜಾಗಕ್ಕೆ ಹೊತ್ತೊಯ್ಯುವುದರಲ್ಲಿ ಹೆಂಡತಿಯರಿಗಿಂತ ಗಂಡಂದಿರೇ ಮುಂದು. ಹೆಂಗಸರು ಸಂಸಾರದ ಚಿಂತೆಯನ್ನು ಆಫೀಸಿಗೆ ತರುತ್ತಾರೆ ಎಂದು ಕೊಂಕು ನುಡಿಯುವವರು ಇದನ್ನು ನೆನಪಿಡಬೇಕು.

ಇಲ್ಲಿ ಮನೆಯ ಒತ್ತಡ ಎಂದರೆ ಬರೀ ಜಗಳವಲ್ಲ. 1985ರಲ್ಲಿ ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬವರು ಮನೆ-ಕೆಲಸಗಳ ಘರ್ಷಣೆಗೆ ಮೂರು ಬೇರುಗಳನ್ನು ಗುರುತಿಸಿದರು. ಮೊದಲನೆಯದು ಸಮಯ: ಮಗುವನ್ನು ಶಾಲೆಯ ವ್ಯಾನು ಹತ್ತಿಸುವ ಹೊತ್ತಿಗೇ ಹಾಜರಿ ಪುಸ್ತಕಕ್ಕೆ ಸಹಿ ಬೀಳಬೇಕು. ಎರಡನೆಯದು ದಣಿವು: ರಾತ್ರಿಯೆಲ್ಲ ಕಾಯಿಲೆಯವರ ಪಕ್ಕ ಎದ್ದಿದ್ದವರಿಗೆ ಹಗಲು ಸಹನೆ ಎಲ್ಲಿಂದ ಬರಬೇಕು? ಮೂರನೆಯದು ವರ್ತನೆ: ಒಂದು ಕಡೆ ಬೇಕಾದ ಗತ್ತು ಇನ್ನೊಂದು ಕಡೆ ಬೇಡ, ಆದರೆ ಬಟ್ಟೆ ಬದಲಿಸಿದಷ್ಟು ಸಲೀಸಾಗಿ ಅದನ್ನು ಬದಲಿಸಲಾಗದು.

ನಮ್ಮ ದೇಶದಲ್ಲಿ ಈ ದಣಿವು ಎಲ್ಲರಿಗೂ ಸಮನಾಗಿ ಹಂಚಿಲ್ಲ. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಅದಕ್ಕೆ ಕೊಡುವ ಸಮಯ 289 ನಿಮಿಷ. ತೊಡಗುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷಗಳಲ್ಲಿ ಮಹಿಳೆಯರ ಹೊರೆ ಹತ್ತು ನಿಮಿಷ ಇಳಿಯಿತು. ಗಂಡಸರ ಪಾಲೂ ಅದರೊಂದಿಗೇ ಇಳಿಯಿತು.

ಒಂದು ವಾರ್ಡಿನ ಬೆಳಗು

ಯಾವುದೇ ತಾಲ್ಲೂಕು ಆಸ್ಪತ್ರೆಯ ಒಂದು ವಾರ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಡ್ಯೂಟಿಯವರು ಬೆಳಗಿನವರಿಗೆ ವಾರ್ಡು ಒಪ್ಪಿಸುವ ಹೊತ್ತು. ಹಿರಿಯ ಸ್ಟಾಫ್ ನರ್ಸ್ ಆಗತಾನೆ ಬಂದಿದ್ದಾರೆ. ಮನೆಯಲ್ಲಿ ಲಕ್ವ ಹೊಡೆದು ಮಲಗಿರುವ ಅತ್ತೆ. ಅವರಿಗೆ ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಹೊರಡುವಾಗ ಗಂಡ, “ನಿನಗೆ ಡ್ಯೂಟಿ ಮುಖ್ಯಾನಾ, ನಮ್ಮಮ್ಮ ಮುಖ್ಯಾನಾ?” ಎಂದು ಕೇಳಿದ್ದಾನೆ. ಉತ್ತರ ಹೇಳಲು ಹೊತ್ತಿರಲಿಲ್ಲ, ಬಸ್ಸು ತಪ್ಪುತ್ತಿತ್ತು.

ರಿಪೋರ್ಟ್ ಪುಸ್ತಕ ಹಿಡಿದು ಕಿರಿಯ ನರ್ಸ್ ಹತ್ತಿರ ಬರುತ್ತಾಳೆ. “ಸಿಸ್ಟರ್, ಮೂರನೇ ಬೆಡ್ಡಿನವರ ಇಂಜೆಕ್ಷನ್ ಡೋಸ್ ಬದಲಾಗಿದೆ ಅನ್ಸುತ್ತೆ, ಒಂದ್ಸಲ ನೋಡ್ತೀರಾ?”

“ಬರೆದಿರೋದನ್ನ ಓದೋಕೂ ಬರಲ್ವಾ? ಎಲ್ಲಾದಕ್ಕೂ ನಾನೇ ಬರ್ಬೇಕಾ?”

ಇಷ್ಟೇ. ಒಂದು ನಿಮಿಷವೂ ಹಿಡಿಯದ ಮಾತು. ಹುಡುಗಿ ಕಣ್ಣು ಕೆಳಗೆ ಹಾಕಿಕೊಂಡು ತಿರುಗುತ್ತಾಳೆ. ನೆಲ ಒರೆಸುತ್ತಿದ್ದ ಆಯಾ ದಾರಿಗೆ ಅಡ್ಡ ಇದ್ದಾರೆ. ದಿನವೂ “ಅಕ್ಕಾ” ಎಂದು ಕರೆಯುವವಳು ಇವತ್ತು “ಆ ಕಡೆ ಹೋಗು” ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಡಾಕ್ಟರು ರೌಂಡ್ಸಿಗೆ ಬರುತ್ತಾರೆ. ಹಿರಿಯ ಸಿಸ್ಟರ್ ಎದ್ದು ನಿಂತು, “ಗುಡ್ ಮಾರ್ನಿಂಗ್ ಸರ್” ಎಂದು ಪ್ರತಿ ರೋಗಿಯ ಸ್ಥಿತಿಯನ್ನೂ ಮೆಲುದನಿಯಲ್ಲಿ, ಒಂದು ವಿವರವೂ ತಪ್ಪದಂತೆ ಒಪ್ಪಿಸುತ್ತಾರೆ. ಆಮೇಲೆ ಹನ್ನೊಂದರ ಹೊತ್ತಿಗೆ ಕಿರಿಯ ನರ್ಸಿಗೆ ಇನ್ನೊಂದು ಅನುಮಾನ ಬರುತ್ತದೆ. ಈ ಸಲ ಅವಳು ಕೇಳುವುದಿಲ್ಲ.

ಆ ಕೇಳದೇ ಉಳಿದ ಪ್ರಶ್ನೆಯ ಬೆಲೆ ಎಷ್ಟು? ಇಸ್ರೇಲಿನ ನವಜಾತ ಶಿಶು ತಜ್ಞ ಆರಿಯೆ ರಿಸ್ಕಿನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಶಿಶು ತೀವ್ರ ನಿಗಾ ಘಟಕಗಳ ವೈದ್ಯರು ಮತ್ತು ನರ್ಸ್‌ಗಳ 24 ತಂಡಗಳಿಗೆ ಒಂದು ಅಭ್ಯಾಸ ಕೊಟ್ಟರು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳು ಕೊಳೆಯತೊಡಗಿ ಸ್ಥಿತಿ ಹದಗೆಡುತ್ತಿದೆ. ರೋಗ ಪತ್ತೆಹಚ್ಚಿ ಚಿಕಿತ್ಸೆ ಕೊಡಬೇಕು. ಹೊರದೇಶದ ಪರಿಣತರೊಬ್ಬರು ಗಮನಿಸುತ್ತಿದ್ದಾರೆ ಎಂದು ತಿಳಿಸಿದ್ದರು. ಕೆಲವು ತಂಡಗಳಿಗೆ ಆ ಪರಿಣತ ಸಾಮಾನ್ಯ ಮಾತು ಹೇಳಿದ. ಉಳಿದ ತಂಡಗಳಿಗೆ ನಿಮ್ಮ ದೇಶದ ವೈದ್ಯಕೀಯದ ಮಟ್ಟ ಅಷ್ಟಕ್ಕಷ್ಟೇ ಎನ್ನುವ ಧಾಟಿಯಲ್ಲಿ ಹಗುರವಾಗಿ ಮಾತಾಡಿದ. ಅವರು ಆಗ ಮಾಡುತ್ತಿದ್ದ ಕೆಲಸದ ಬಗ್ಗೆ ಆತ ಏನನ್ನೂ ಹೇಳಲಿಲ್ಲ. ಯಾವ ತಂಡ ಯಾವ ಮಾತು ಕೇಳಿತ್ತೆಂದು ತಿಳಿಯದ ತೀರ್ಪುಗಾರರು ಅಂಕ ಕೊಟ್ಟರು. ಹಗುರ ಮಾತು ಕೇಳಿದ ತಂಡಗಳು ರೋಗ ಪತ್ತೆಯಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು. ತಂಡಗಳ ನಡುವೆ ಕಂಡ ವ್ಯತ್ಯಾಸದಲ್ಲಿ ಸುಮಾರು ಶೇ. 12ರಷ್ಟಕ್ಕೆ ಆ ಒರಟು ಮಾತೊಂದೇ ಕಾರಣ. ಮುಖ್ಯವಾಗಿ, ಅವರು ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳುವುದನ್ನೂ ನೆರವು ಕೇಳುವುದನ್ನೂ ಕಡಿಮೆ ಮಾಡಿದ್ದರು. ನಮ್ಮ ವಾರ್ಡಿನ ಹುಡುಗಿ ಮಾಡಿದ್ದೂ ಅದನ್ನೇ.

ಆಯಾಗೆ ಅವಳಾಡಿದ ಮಾತಿಗೂ ಪುರಾವೆಯಿದೆ. 2016ರಲ್ಲಿ ಟ್ರೆವರ್ ಫೌಲ್ಕ್ ಮತ್ತು ಸಂಗಡಿಗರು, ಒರಟುತನ ನೆಗಡಿಯಂತೆ ಅಂಟುತ್ತದೆ ಎಂದು ತೋರಿಸಿದರು. ಚೌಕಾಸಿಯ ಅಭ್ಯಾಸದಲ್ಲಿ ಒಬ್ಬ ಒರಟನನ್ನು ಎದುರಿಸಿದ ವಿದ್ಯಾರ್ಥಿ, ಮುಂದಿನ ಜೋಡಿಗೆ ತಾನೇ ಒರಟನಾಗಿ ಕಾಣುತ್ತಿದ್ದ. ನಡುವೆ ಒಂದು ವಾರ ಕಳೆದಿದ್ದರೂ ಇದು ತಪ್ಪಲಿಲ್ಲ.

ಹುಟ್ಟುಗುಣದ ವಿಚಾರ

ಇನ್ನು ಎರಡನೆಯ ಸಮಾಧಾನಕ್ಕೆ ಬರೋಣ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ಇದರಲ್ಲಿ ನಿಜವೆಷ್ಟು?

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಎಳೆಗೂಸುಗಳ ಸ್ವಭಾವವನ್ನು ಅಭ್ಯಸಿಸಲು ತೊಡಗಿ, ಅದೇ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದರು. ಸುಮಾರು ಶೇ. 40ರಷ್ಟು ಮಕ್ಕಳು ಸಲೀಸು ಸ್ವಭಾವದವರು, ಶೇ. 10ರಷ್ಟು ಹಟಮಾರಿಗಳು, ಶೇ. 15ರಷ್ಟು ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದವರಲ್ಲಿ ಎಲ್ಲದರ ಮಿಶ್ರಣ. ಮನುಷ್ಯರು ಹುಟ್ಟುತ್ತಲೇ ಬೇರೆ ಬೇರೆ ಎಂಬುದು ಹೀಗೆ ದೃಢವಾಯಿತು. ಅವಳಿ ಮಕ್ಕಳ ಮತ್ತು ಕುಟುಂಬಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ವ್ಯಕ್ತಿತ್ವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 40ರಷ್ಟು ವಂಶವಾಹಿಗಳಿಂದ ಬಂದದ್ದು. ಆದ್ದರಿಂದ ಬೇಗ ಸಿಡಿಯುವವರೂ ತಡವಾಗಿ ಸಿಡಿಯುವವರೂ ಇದ್ದಾರೆ ಎಂಬುದನ್ನು ಒಪ್ಪಲೇಬೇಕು. ಒಂದೇ ರಾತ್ರಿಯ ನಿದ್ದೆಗೇಡು ಒಬ್ಬರಲ್ಲಿ ಆಕಳಿಕೆಯಾಗಿ ಮುಗಿಯುತ್ತದೆ, ಇನ್ನೊಬ್ಬರಲ್ಲಿ ಬೆಂಕಿಯಾಗುತ್ತದೆ.

ಆದರೆ ಥಾಮಸ್ ದಂಪತಿ ಅಲ್ಲಿಗೇ ನಿಲ್ಲಲಿಲ್ಲ. ಮಗು ಮುಂದೆ ಹೇಗಾಗುತ್ತದೆಂಬುದು ಅದರ ಸ್ವಭಾವಕ್ಕಿಂತ, ಆ ಸ್ವಭಾವಕ್ಕೂ ಸುತ್ತಲ ಪರಿಸರಕ್ಕೂ ಹೊಂದಿಕೆಯಾಗುತ್ತದೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ ಎಂಬುದು ಅವರ ಮುಖ್ಯ ಮಾತು. ಇದನ್ನು ಕಚೇರಿಗೆ ಅನ್ವಯಿಸಿ ನೋಡಿ. ಬೇಗ ಕೆರಳುವವರನ್ನು ಬೆಳಗಿಂದ ಸಂಜೆವರೆಗೆ ದೂರುಗಳ ಕೌಂಟರಿನಲ್ಲಿ ಕೂರಿಸಿ, ಊಟಕ್ಕೂ ಬಿಡುವು ಕೊಡದೆ, ಆಮೇಲೆ “ಅವರ ಬಾಯಿ ಸರಿ ಇಲ್ಲ” ಎನ್ನುವುದು ಆಡಳಿತದ ತಪ್ಪು. ಅದೇ ವ್ಯಕ್ತಿ ದಾಖಲೆ ಕೋಣೆಯಲ್ಲೋ ಲೆಕ್ಕದ ವಿಭಾಗದಲ್ಲೋ ಆಸ್ತಿಯಾಗಬಹುದು.

ಹುಟ್ಟುಗುಣ ಹೋಗದೇ ಇರಬಹುದು, ಹದಕ್ಕಂತೂ ಬರುತ್ತದೆ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಸರಾಸರಿ 24 ವಾರಗಳ ಮನೋಚಿಕಿತ್ಸೆಯಂಥ ನೆರವಿನಿಂದ ಭಾವನೆಗಳ ಸ್ಥಿರತೆ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಕಂಡರು. “ನಾನು ಇರೋದೇ ಹೀಗೆ” ಎನ್ನುವವರಿಗೆ ಆರು ತಿಂಗಳೊಳಗೆ ಸ್ವಲ್ಪ ಬೇರೆಯಾಗಿರುವ ದಾರಿ ತೆರೆದಿದೆ ಎಂದು ಧೈರ್ಯವಾಗಿ ಹೇಳಬಹುದು.

ಸಿಟ್ಟು ಇಳಿಜಾರು ಹುಡುಕುತ್ತದೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ವಾರ್ಡಿನ ಹಿರಿಯ ಸಿಸ್ಟರ್ ಕಿರಿಯಳ ಮೇಲೆ ರೇಗಿದರು. ಸ್ವಲ್ಪ ಹೊತ್ತಿಗೆ ಡಾಕ್ಟರ ಮುಂದೆ ಅದೇ ನಾಲಗೆ ಮೆತ್ತಗಾಯಿತು. ಮನೆಯ ನೋವು ಆಗಲೂ ಹಾಗೇ ಇತ್ತು, ಹುಟ್ಟುಗುಣವೂ ಹಾಗೇ ಇತ್ತು. ಬದಲಾದದ್ದು ಎದುರಿಗಿದ್ದವರ ಸ್ಥಾನ ಮಾತ್ರ. ಗದರಿಕೆ ತಡೆಯಲಾಗದ ಆವೇಗವಾಗಿದ್ದರೆ ಅದು ಡಾಕ್ಟರ ಮೇಲೂ ಹರಿಯಬೇಕಿತ್ತು. ಹರಿಯಲಿಲ್ಲ. ಅಂದರೆ ತಡೆಯುವ ಶಕ್ತಿ ಅವರಲ್ಲಿತ್ತು. ಕಿರಿಯಳ ವಿಷಯದಲ್ಲಿ ತಡೆಯಬೇಕಾದ ಅಗತ್ಯವನ್ನು ಆ ವಾರ್ಡು ಅವರಿಗೆ ಕಲಿಸಿರಲಿಲ್ಲ.

ಇದಕ್ಕೆ ಆಧಾರವಿದೆ. 2016ರಲ್ಲಿ ಸ್ಟೀಫನ್ ಕೋರ್ಟ್‌ರೈಟ್ ಮತ್ತು ಸಂಗಡಿಗರು ಮೇಲ್ವಿಚಾರಕರನ್ನು ಅಧ್ಯಯನ ಮಾಡಿ, ಮನೆಯ ಜವಾಬ್ದಾರಿ ಕೆಲಸಕ್ಕೆ ಅಡ್ಡಬರುವಷ್ಟು ಹೆಚ್ಚಿದ್ದವರು ಕೈಕೆಳಗಿನವರನ್ನು ಹೆಚ್ಚು ನಿಂದಿಸುತ್ತಾರೆ ಎಂದು ಕಂಡರು. ಈ ನಂಟು ಎರಡು ಕಡೆ ಬಲವಾಗಿತ್ತು: ಮಹಿಳಾ ಮೇಲ್ವಿಚಾರಕರಲ್ಲಿ, ಮತ್ತು ತಮ್ಮ ವಿಭಾಗದ ಮೇಲೆ ಹೆಚ್ಚು ಹಿಡಿತವಿದ್ದವರಲ್ಲಿ. ಬೋಲ್ಜರ್ ಗಂಡಸರತ್ತ ಬೆರಳು ತೋರಿದರೆ ಇಲ್ಲಿ ಮಹಿಳೆಯರ ಹೆಸರು ಬಂದಿದೆ. ನನ್ನ ಓದು ಹೀಗಿದೆ: ಎರಡು ಅಧ್ಯಯನಗಳೂ ಲಿಂಗದ ಹಿಂದಿರುವ ಎರಡು ಬೇರೆ ಸಂಗತಿಗಳನ್ನು ತೋರಿಸುತ್ತಿವೆ, ಒಂದು ಹೊರೆ, ಇನ್ನೊಂದು ಅನುಮತಿ. ಹೊರೆ ಎಲ್ಲಿ ಹೆಚ್ಚೋ, ಕೇಳುವವರು ಎಲ್ಲಿ ಕಡಿಮೆಯೋ, ಅಲ್ಲಿ ಮಾತು ಒರಟಾಗುತ್ತದೆ.

ಹಾಗಾದರೆ ಮೇಲಿನವರು ಕೆಟ್ಟವರೇ? ಖಂಡಿತ ಅಲ್ಲ. ಆ ಹಿರಿಯ ಸಿಸ್ಟರಿಗೆ ಬೆಳಗ್ಗೆ ಆದ ಅನ್ಯಾಯ ನಿಜವಾದದ್ದು. ನಮ್ಮ ಕರುಣೆಗೆ ಅವರು ಪೂರ್ತಿ ಅರ್ಹರು. ಕಿರಿಯಳಿಗೆ ಆದ ಅವಮಾನವೂ ಅಷ್ಟೇ ನಿಜ. ನ್ಯಾಯಕ್ಕೆ ಅವಳು ಪೂರ್ತಿ ಅರ್ಹಳು. ಹಿರಿಯರ ಕಷ್ಟ ಹೇಳಿ ಕಿರಿಯರ ಬಾಯಿ ಮುಚ್ಚಿಸುವುದನ್ನು ನಾವು ಅನುಕಂಪ ಎಂದುಕೊಂಡಿದ್ದೇವೆ. ಆಯಾಗೂ ಮನೆಯಿದೆ, ಮನೆಯಲ್ಲಿ ಕಷ್ಟವಿದೆ. ಅವರ ಕಷ್ಟವನ್ನು ಯಾರೂ ಸಮಾಧಾನವಾಗಿ ಬಳಸುವುದಿಲ್ಲ, ಏಕೆಂದರೆ ರೇಗಲು ಅವರಿಗೆ ಕೆಳಗೆ ಯಾರೂ ಇಲ್ಲ.

ಮಾಡಬೇಕಾದದ್ದು

ಮೊದಲು, ನಮ್ಮ ಮಟ್ಟಿಗೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ 13 ವೇಗಗಳನ್ನು ಪಟ್ಟಿಮಾಡುತ್ತದೆ. ಅವುಗಳಲ್ಲಿ ಹಸಿವು, ಕಣ್ಣೀರು, ನಿದ್ದೆಗಳೂ ಸೇರಿವೆ. ತಡೆಯಲೇಬೇಕಾದವುಗಳಲ್ಲಿ ಕಟುವಾದ ಮಾತು, ಅತಿಯಾದ ಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತುಗಳನ್ನು ಹೇಳುತ್ತದೆ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕಣ್ಣೀರನ್ನು ನುಂಗುತ್ತೇವೆ, ನಿದ್ದೆಯನ್ನು ತಳ್ಳುತ್ತೇವೆ, ಉಪವಾಸ ಡ್ಯೂಟಿ ಮಾಡುತ್ತೇವೆ. ಕಟುಮಾತನ್ನು ಮಾತ್ರ ಹರಿಯಬಿಡುತ್ತೇವೆ. ಕ್ರಿಸ್ಟೊಫರ್ ಬಾರ್ನ್ಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ: ಮೇಲಧಿಕಾರಿಯ ರಾತ್ರಿಯ ನಿದ್ದೆ ಕೆಟ್ಟಷ್ಟೂ ಮರುದಿನ ಕೈಕೆಳಗಿನವರಿಗೆ ಬೈಗುಳ ಹೆಚ್ಚು. ಆದ್ದರಿಂದ ಮನಸ್ಸು ಕದಡಿದ ದಿನ, “ಇವತ್ತು ನನ್ನ ಮನಸ್ಸು ಸರಿಯಿಲ್ಲ, ಮಾತು ಒರಟಾದರೆ ಅಲ್ಲೇ ಹೇಳಿಬಿಡಿ” ಎಂದು ಜೊತೆಯವರಿಗೆ ಮೊದಲೇ ತಿಳಿಸಿ. ಅಷ್ಟು ಹೇಳಿದರೆ ಕಿರಿಯರಿಗೆ ಪ್ರಶ್ನೆ ಕೇಳುವ ದಾರಿ ಉಳಿಯುತ್ತದೆ. ಮಾತು ಜಾರಿದರೆ, ಯಾರ ಎದುರು ಗದರಿದೆವೋ ಅವರ ಎದುರೇ ಕ್ಷಮೆ ಕೇಳಬೇಕು. ಮರೆಯಲ್ಲಿ ಕರೆದು ಕೇಳಿದರೆ ಅರ್ಧ ಸಾಲ ಉಳಿದಂತೆ. ಬೇಗುದಿ ತಾಳಲಾರದಷ್ಟಾದರೆ ನೆರವು ಪಡೆಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ.

ಎರಡನೆಯದು, ಸಂಸ್ಥೆಯ ಮಟ್ಟಿಗೆ. ಮನೆಯ ಒತ್ತಡ ಮನೆಯವರದೇ ಸಮಸ್ಯೆ ಎಂದು ಕೈತೊಳೆದುಕೊಂಡರೆ ಅದು ಒರಟುತನವಾಗಿ ಸಂಸ್ಥೆಗೇ ಮರಳುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ಹೇಳಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳೂ ಇದೇ ದಾರಿಯವು. ಇವನ್ನು ದಾನದಂತೆ ನೋಡಬೇಡಿ. ಇವು ಕೆಲಸದ ಜಾಗದ ಮಾತನ್ನು ಹಸನು ಮಾಡುವ ಸಾಧನಗಳು. ಡ್ಯೂಟಿ ಪಟ್ಟಿ ಮುಂಚಿತವಾಗಿ ಸಿಗುವುದು, ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಪಾಳಿ ಬದಲಿಸಿಕೊಳ್ಳಲು ಅವಕಾಶ, ಊಟದ ಬಿಡುವು ನಿಜವಾಗಿಯೂ ಬಿಡುವಾಗಿರುವುದು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ.

ಸಭ್ಯತೆಯನ್ನು ಸಂಸ್ಥೆಗಳು ಕಲಿಯಬಲ್ಲವು ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2005ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಒಂದೇ ವಿಭಾಗದಲ್ಲಿ ದುಡಿಯುವವರು ತಿಂಗಳುಗಟ್ಟಲೆ ನಿಯಮಿತವಾಗಿ ಸೇರಿ, ನಮ್ಮ ನಡುವೆ ಗೌರವ ಎಂದರೆ ಏನು, ಅದು ಎಲ್ಲಿ ಮುರಿಯುತ್ತಿದೆ ಎಂದು ತಾವೇ ಮಾತಾಡಿಕೊಳ್ಳುವುದು, ಇಷ್ಟೇ ಅದರ ತಿರುಳು. ಮೈಕೆಲ್ ಲೈಟರ್ ಮತ್ತು ಸಂಗಡಿಗರು ಇದನ್ನು ಕೆನಡಾದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು: ಸಭ್ಯತೆ ಹೆಚ್ಚಿತು, ಕೆಲಸದ ಬಗೆಗಿನ ಸಿನಿಕತನ ತಗ್ಗಿತು, ಗೈರುಹಾಜರಿ ಕಡಿಮೆಯಾಯಿತು. ಆ ಜನರ ಮನೆಗಳು ಬದಲಾಗಿರಲಿಲ್ಲ, ಹುಟ್ಟುಗುಣಗಳೂ ಬದಲಾಗಿರಲಿಲ್ಲ. ಬದಲಾಗಿದ್ದು ಒರಟು ಮಾತಿಗೆ ಇದ್ದ ಅನುಮತಿ.

ಕೊನೆಯದಾಗಿ, ಈ ಸಭೆಯಲ್ಲಿ ಅಧಿಕಾರ ನಡೆಸುವವರು ಅನೇಕರಿದ್ದೀರಿ. ನಿಮ್ಮಲ್ಲಿ ಎರಡು ವಿನಂತಿ. ಯಾರ ಮೇಲಾದರೂ ರೇಗುವ ಮುನ್ನ, “ನನಗಿಂತ ಮೇಲಿನವರು ಇದೇ ತಪ್ಪು ಮಾಡಿದ್ದರೆ ಇದೇ ಮಾತು ಆಡುತ್ತಿದ್ದೆನೇ?” ಎಂದು ಕೇಳಿಕೊಳ್ಳಿ. ಇಲ್ಲ ಎಂದು ಉತ್ತರ ಬಂದರೆ, ಮೇಲಿನವರಿಗೆ ಆ ತಪ್ಪನ್ನು ಯಾವ ಮಾತಿನಲ್ಲಿ ತಿಳಿಸುತ್ತಿದ್ದಿರೋ ಅದೇ ಮಾತಿನಲ್ಲಿ ಕೆಳಗಿನವರಿಗೂ ತಿಳಿಸಿ. ಎರಡನೆಯದಾಗಿ, ಅಧಿಕಾರಿಗಳ ವಾರ್ಷಿಕ ಮೌಲ್ಯಮಾಪನದಲ್ಲಿ ಅವರ ಕೈಕೆಳಗೆ ದುಡಿಯುವವರ ಅಭಿಪ್ರಾಯಕ್ಕೂ ಒಂದು ಅಂಕಣ ಇರಲಿ. ಗುರಿ ಮುಟ್ಟಿದವರ ಒರಟುತನವನ್ನು ದಕ್ಷತೆಯ ಹೆಸರಿನಲ್ಲಿ ಮನ್ನಿಸುವ ರೂಢಿ ನಿಲ್ಲಲಿ. ಆಯಾಗೆ ತಿರುಗಿ ಉತ್ತರಿಸುವ ಹಕ್ಕು ಎಲ್ಲಿರುತ್ತದೋ, ಆ ಆಸ್ಪತ್ರೆಯಲ್ಲಿ ರೋಗಿಯೂ ಹೆಚ್ಚು ಸುರಕ್ಷಿತ.